ಬೋರಲಿಂಗ ಕಟ್ಟಿದ ಕಿಂಡಿ ಗೋಡೆ

ಇಟ್ಟಿಗೆ ಗೂಡಿನ ಹೊಗೆ ಮೂಗಿಗೆ ಬಡಿಯುವಷ್ಟು ಹತ್ತಿರದಲ್ಲಿ ಒಂದು ಊರು. ಆ ಊರಲ್ಲಿ ಸಾಕವ್ವ. ಸಾಕವ್ವನಿಗೊಬ್ಬ ಮಗ, ಬೋರಲಿಂಗ. ಆಳು ನೋಡಿದರೆ ಆರಡಿ. ಬುದ್ಧಿ ನೋಡಿದರೆ... ಬೇಡ ಬಿಡಿ, ಹೆತ್ತವಳಿಗೆ ಕೇಳಿಸೀತು!

ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇದ್ದರು. ಸಾಕವ್ವನ ಕಷ್ಟವೇ ಬೇರೆ. ಅವಳ ಮಗ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಬಾಗಿಲು ನೋಡ್ಕೊಂಡಿರೋ" ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಿಲಿಂದ ನಾಯಿ ಬಂದು ಮುದ್ದೆ ತಿಂದು, ಬಾಯಿ ಒರೆಸಿಕೊಂಡು, ಅವನ ಪಕ್ಕದಲ್ಲೇ ಕೂತು ತಾನೂ ಬಾಗಿಲು ನೋಡುತ್ತಿತ್ತು.

ಸಾಕವ್ವ ಬುದ್ಧಿ ಬಂದಾಗಿನಿಂದ ತಲೆ ಮೇಲೆ ಇಟ್ಟಿಗೆ ಹೊತ್ತವಳು. ಊರ ಮನೆಗಳೆಲ್ಲ ಅವಳ ನೆತ್ತಿಯ ಮೇಲಿಂದಲೇ ಹೋಗಿ ಎದ್ದು ನಿಂತಿದ್ದವು. ಅವಳಿಗೆ ಒಂದೇ ಆಸೆ: ಮಗ ಇಟ್ಟಿಗೆ ಹೊರಬಾರದು, ಇಡಬೇಕು. ಗಾರೆಯವನು ಅನ್ನಿಸಿಕೊಳ್ಳಬೇಕು.

ಆಗ ರಿಟೈರಾದ ನರ್ಸ್ ಕಮಲಾಕ್ಷಮ್ಮ ಊರಲ್ಲಿ ಮನೆ ಕಟ್ಟಿಸುತ್ತಿದ್ದರು. ಒಳಗೆಲ್ಲ ಮುಗಿದು, ಮುಂದಿನ ಗೋಡೆ ಮಾತ್ರ ಬಾಕಿ ಇತ್ತು. ಅದರ ಮೇಲೇ ಜಗಳ.

"ಪ್ಲಾಸ್ಟರ್ ಬೇಡ, ಬಣ್ಣ ಬೇಡ. ಇಟ್ಟಿಗೆ ಇಟ್ಟಿಗೆ ಥರಾನೇ ಕಾಣಬೇಕು. ಆದ್ರೆ ದಾರೀಲಿ ಹೋಗೋರು ನಿಂತು ನೋಡಬೇಕು," ಅನ್ನುತ್ತಿದ್ದರು ಕಮಲಾಕ್ಷಮ್ಮ.

"ಬರಿಮೈಲಿ ನಿಂತ ಗೋಡೇನ ಯಾರು ತಾಯಿ ನಿಂತು ನೋಡ್ತಾರೆ?" ಅನ್ನುತ್ತಿದ್ದ ಮೇಸ್ತ್ರಿ ಚಿಕ್ಕರಾಚಯ್ಯ.

ಸಾಕವ್ವ ಮೇಸ್ತ್ರಿಯ ಮುಂದೆ ಮಗನನ್ನು ತಂದು ನಿಲ್ಲಿಸಿದಳು. "ಇವನಿಗೊಂದು ದಾರಿ ತೋರ್ಸಪ್ಪ."

ಮೇಸ್ತ್ರಿ ಮೇಲಿಂದ ಕೆಳಗೆ ನೋಡಿದ. "ಹೊಸ ಮನೆ ಒಕ್ಕಲಿಗೆ ಐದು ದಿನ ಇದೆ. ಅಷ್ಟರಲ್ಲಿ ಇವನ ಕೈ ನೋಡ್ತೀನಿ. ಕೈ ಕೂತರೆ ಗಾರೆಯವನು. ಕೂರದಿದ್ರೆ ಸಾಯೋತನಕ ಗಾರೆ ಬಾಂಡ್ಲಿ ಹೊರಬೇಕು. ಆಮೇಲೆ ಅಳಬೇಡ."

ಮೊದಲ ದಿನ ಮೇಸ್ತ್ರಿ ಹೇಳಿದ: "ಹೋಗಲೋ, ಇಟ್ಟಿಗೆ ನೀರಲ್ಲಿ ನೆನೆಸು."

ಬೋರಲಿಂಗ ಹೋದ. ಗೂಡಿನ ಪಕ್ಕ ಸುಡದ ಹಸಿ ಇಟ್ಟಿಗೆ ಸಾಲಾಗಿ ಒಣಗುತ್ತಿದ್ದವು. ಅವೂ ಇಟ್ಟಿಗೆಯೇ ತಾನೆ! ಇನ್ನೂರು ಹೊತ್ತು ತಂದು ತೊಟ್ಟಿಗೆ ಹಾಕಿದ. ಮೇಸ್ತ್ರಿ ಬಂದು ತೊಟ್ಟಿಗೆ ಕೈ ಹಾಕಿದರೆ ಮೊಣಕೈವರೆಗೂ ಕೆಸರು.

"ಇಟ್ಟಿಗೆ ಎಲ್ಲೋ?"

"ನೆನೀತಾ ಇದಾವೆ ಮೇಸ್ತ್ರಿ!"

ಸಂಜೆ ಸಾಕವ್ವ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಮಗನೇ! ಹಸೀದನ್ನ ನೆನೆಸ್ತಾರೇನೋ? ಬೆಂಕಿ ಕಂಡಿದ್ದಕ್ಕೆ ಮಾತ್ರ ನೀರು ಹಾಕಬೇಕು!"

"ಹಂಗೇ ಮಾಡ್ತೀನಿ ಕಣವ್ವ."

ಎರಡನೆಯ ದಿನ ಮೇಸ್ತ್ರಿ ಹೊಂಗೆ ನೆರಳಲ್ಲಿ ಕೂತು ಬೀಡಿ ಹಚ್ಚಿದ. ಬೋರಲಿಂಗ ನೋಡಿದ. ಬೀಡಿ ಬೆಂಕಿ ಕಂಡಿದೆ! ಬಕೆಟ್ ಎತ್ತಿದ. ಒಂದೇ ಏಟಿಗೆ ಬೀಡಿ, ಮೀಸೆ, ರುಮಾಲು ಎಲ್ಲ ಅಭಿಷೇಕ!

"ಏನೋ ಇದು, ನನ್ನ ಹೆಣಕ್ಕೆ ನೀರು ಹುಯ್ಯೋ ಆತುರವೇನೋ ನಿಂಗೆ?"

ಸಂಜೆ ಸಾಕವ್ವ ಬಾಯಿ ಬಾಯಿ ಬಡಿದುಕೊಂಡಳು. "ಅಯ್ಯೋ ನನ್ನ ಮಗನೇ! ನೀರು ಹಾಕಿ ಸುಮ್ಮನೆ ನಿಂತ್ಯಲ್ಲೋ! ಒದ್ದೆ ಕಂಡ್ರೆ ಬಟ್ಟೆ ತಗೊಂಡು ಒರೆಸಬೇಕು, ಒಣಗೋತನಕ ಒರೆಸಬೇಕು!"

"ಹಂಗೇ ಮಾಡ್ತೀನಿ ಕಣವ್ವ."

ಮೂರನೆಯ ದಿನ ಮೇಸ್ತ್ರಿ ಬೆಳಿಗ್ಗೆಯಿಂದ ಬೆವರಿಳಿಸಿ ಮುಂದಿನ ಗೋಡೆಯನ್ನು ಎದೆಮಟ್ಟ ಎಬ್ಬಿಸಿದ. ಊಟಕ್ಕೆ ಹೋದ. ಬೋರಲಿಂಗ ನೋಡುತ್ತಾನೆ, ಇಟ್ಟಿಗೆ ಇಟ್ಟಿಗೆಯ ನಡುವೆ ಗಾರೆ ಒದ್ದೆ! ಬಟ್ಟೆ ತಂದ. ಒರೆಸಿದ. ಒಳಗೆ ಇನ್ನೂ ಒದ್ದೆ. ಬೆರಳಿಗೆ ಬಟ್ಟೆ ಸುತ್ತಿ ಸಂದು ಸಂದಿಗೂ ತುರುಕಿ, ಮೇಲಿಂದ ಕೆಳಗೆ, ಈ ಮೂಲೆಯಿಂದ ಆ ಮೂಲೆಗೆ, ಒಂದು ಗೆಣ್ಣು ಆಳಕ್ಕೆ ಒರೆಸಿದ್ದೇ ಒರೆಸಿದ್ದು.

"ನನ್ನ ಗಾರೆ ಎಲ್ಲೋ?" ಅಂತ ಇಳಿಹೊತ್ತಿಗೆ ವಾಪಸ್ ಬಂದ ಮೇಸ್ತ್ರಿ ಕಿರುಚಿದ.

"ಬಟ್ಟೇಲಿದೆ ಮೇಸ್ತ್ರಿ! ಹಿಂಡಿ ಕೊಡ್ಲಾ?"

ಅವರಿಬ್ಬರ ಕೂಗಾಟದಲ್ಲಿ, ಇಟ್ಟಿಗೆ ಹೊತ್ತು ಬಂದ ಸಾಕವ್ವನಿಗೆ ಮಾತ್ರ ಒಂದು ಕಾಣಿಸಿತು. ಇಳಿಬಿಸಿಲು ಗೋಡೆಗೆ ಓರೆಯಾಗಿ ಬಿದ್ದು, ಪ್ರತಿ ಇಟ್ಟಿಗೆಯ ಅಡಿಗೂ ಕಾಡಿಗೆ ತೀಡಿದ ಹಾಗೆ ನೆರಳಿನ ಗೆರೆ. ಕಮಲಾಕ್ಷಮ್ಮ ಗೇಟಿನ ಹತ್ತಿರ ಅದನ್ನೇ ನೋಡುತ್ತ ನಿಂತಿದ್ದರು. ಆದರೂ ಬೈಯಬೇಕಾದ್ದು ಬೈಯಲೇಬೇಕಲ್ಲ.

"ಅಯ್ಯೋ ನನ್ನ ಮಗನೇ! ಕಂಡದ್ದಕ್ಕೆಲ್ಲಾ ಕೈ ಹಾಕ್ತಾರೇನೋ? ಒಂದು ಮಾಡು, ಒಂದು ಬಿಡು! ಬಿಟ್ಟದ್ದನ್ನ ದೊಡ್ಡೋರು ನೋಡ್ಕೋತಾರೆ."

"ಹಂಗೇ ಮಾಡ್ತೀನಿ ಕಣವ್ವ."

ನಾಲ್ಕನೆಯ ದಿನ ಕೆಲಸಕ್ಕೆ ಆಳು ಸಾಲದೆ, ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಗಾರೆ ಹಚ್ಚುವ ಕರಣೆಯನ್ನು ಬೋರಲಿಂಗನ ಕೈಗಿಟ್ಟ. "ಎದೆಮಟ್ಟದಿಂದ ಮೇಲಕ್ಕೆ ಇಟ್ಟಿಗೆ ಇಡು. ನೂಲು ಕಟ್ಟಿದ್ದೀನಿ, ನೂಲು ಬಿಟ್ಟು ಆಚೀಚೆ ಹೋಗಬೇಡ." ಹೇಳಿ ಮರಳು ತರಲು ಹೋದ.

ಬೋರಲಿಂಗ ನೂಲು ಬಿಟ್ಟು ಆಚೀಚೆ ಹೋಗಲಿಲ್ಲ. ಒಂದು ಇಟ್ಟಿಗೆ ಇಟ್ಟ, ಒಂದು ಬಿಟ್ಟ. ಒಂದು ಇಟ್ಟ, ಒಂದು ಬಿಟ್ಟ. ಮೇಲಿನ ಸಾಲಲ್ಲಿ ಬಿಟ್ಟ ಕಡೆ ಇಟ್ಟ, ಇಟ್ಟ ಕಡೆ ಬಿಟ್ಟ. ಸಾಯಂಕಾಲಕ್ಕೆ ಗೋಡೆ ಸೂರು ಮುಟ್ಟಿತು. ಗೋಡೆ ತುಂಬ ಕಿಂಡಿ!

ಮೇಸ್ತ್ರಿ ಬಂದವನು ಮರಳಿನ ರಾಶಿಯ ಮೇಲೆ ಕುಸಿದ. "ಇದು ಗೋಡೆಯೇನೋ? ಜರಡಿ ಕಣೋ, ಜರಡಿ! ನಾಳೆ ಒಕ್ಕಲು! ಸಾಕವ್ವಾ, ನಿನ್ನ ಮಗನ್ನ ಕರ್ಕೊಂಡು ಹೋಗು!"

ಸಾಕವ್ವ ತಲೆ ಮೇಲೆ ಕೈ ಹೊತ್ತಳು. ಮುಗಿಯಿತು, ಇನ್ನು ಸಾಯೋತನಕ ಬಾಂಡ್ಲಿ.

ಅಷ್ಟರಲ್ಲಿ ಒಳಗಿಂದ ಕಮಲಾಕ್ಷಮ್ಮನ ಕೂಗು. "ಬನ್ರೋ ಇಲ್ಲಿ! ಎಲ್ಲಾ ಬನ್ರೋ!"

ಓಡಿದರು. ಒಳಗೆ ನೆಲದ ತುಂಬ ಬಿಸಿಲಿನ ಚೌಕಗಳು, ಯಾರೋ ಎಣಿಸಿ ಹಾಸಿದ ಹಾಗೆ. ಕಿಂಡಿ ಕಿಂಡಿಯಿಂದಲೂ ತಂಪು ಗಾಳಿ. ಹೊರಗೆ ದಾರಿಯಲ್ಲಿ ಎರಡು ಸೈಕಲ್ಲು, ಒಂದು ಟ್ರ್ಯಾಕ್ಟರ್ ನಿಂತು ನೋಡುತ್ತಿದ್ದವು.

"ಆರು ತಿಂಗಳಿಂದ ಬಾಯಿ ಬಡ್ಕೊಂಡೆನಲ್ಲ ಚಿಕ್ಕರಾಚಯ್ಯ, ಇದು ನೋಡು, ಇದು!" ಅಂದರು ಕಮಲಾಕ್ಷಮ್ಮ.

ಮೇಸ್ತ್ರಿ ಒದ್ದೆ ಮೀಸೆ ಒಣಗಿದ ಮೇಲೆ ಮೊದಲ ಸಲ ಅದನ್ನು ತಿರುವಿದ. "ನಾನೇ ಹೇಳಿಕೊಟ್ಟಿದ್ದು ತಾಯಿ."

"ಯಾವಾಗಪ್ಪಾ? ಜರಡಿ ಅಂದ್ಯಲ್ಲ, ಆವಾಗ್ಲಾ?" ಅಂದಳು ಸಾಕವ್ವ. ಜನ ನಕ್ಕರು.

ಮೇಸ್ತ್ರಿಗೆ ಸಿಟ್ಟು. "ಪೆದ್ದನ ಕೈಗೆ ಒಂದು ಸಲ ಕುರುಡು ಅದೃಷ್ಟ ಹತ್ತಿದೆ, ಅಷ್ಟೆ. ಒಕ್ಕಲು ಮುಗೀಲಿ, ಆಮೇಲೆ ಹೇಳ್ತೀನಿ. ಲೋ, ಗಾರೆ ಇನ್ನೂ ಹಸಿ. ನಾಳೆ ಊರೆಲ್ಲಾ ಬರ್ತದೆ. ಗೋಡೇನ ಯಾರೂ ಮುಟ್ಟದ ಹಂಗೆ ನೋಡ್ಕೋ!"

ರಾತ್ರಿ ಉಣ್ಣುವಾಗ ಸಾಕವ್ವ ಹೇಳಿದಳು: "ಇನ್ನೊಂದು ಸಲ ಇಟ್ಟಿಗೆ ಇಟ್ರೆ ಇರುವೆ ಹೋಗೋಷ್ಟೂ ಜಾಗ ಬಿಡಬೇಡ ಕಣಪ್ಪ. ಗಾರೆಯವನು ಅನ್ನಿಸ್ಕೋ."

"ಹಂಗೇ ಮಾಡ್ತೀನಿ ಕಣವ್ವ."

ಐದನೆಯ ದಿನ ಒಕ್ಕಲು. ಬಂದವರಿಗೆಲ್ಲ ಗೋಡೆ ಮುಟ್ಟುವ ಚಪಲ. ಹೆಂಗಸರು ಸವರಿದರು, ಮಕ್ಕಳು ಕಿಂಡಿಗೆ ಕೈ ತೂರಿಸಿದರು. ಬೋರಲಿಂಗ "ಮುಟ್ಟಬೇಡಿ, ಮುಟ್ಟಬೇಡಿ" ಅಂತ ಗಂಟಲು ಹರಿದುಕೊಂಡ. ಯಾರು ಕೇಳಬೇಕು! ಪೂಜೆ ಮುಗಿದು ಎಲ್ಲರೂ ಒಳಗೆ ಎಲೆ ಮುಂದೆ ಕೂತರು. ಬೋರಲಿಂಗ ಒಬ್ಬನೇ ಹೊರಗೆ. ಅಂಗಳದಲ್ಲಿ ಮಿಕ್ಕ ಇಟ್ಟಿಗೆಯ ರಾಶಿ ಕಣ್ಣಿಗೆ ಬಿತ್ತು.

ಒಳಗೆ ಸಾಕವ್ವ ಪಾಯಸ ಬಡಿಸುತ್ತಿದ್ದಳು. ನೆಲದ ಮೇಲಿನ ಬಿಸಿಲಿನ ಚೌಕ ಒಂದು ಸಾಲು ಮಾಯವಾಯಿತು. ಮೋಡ ಇರಬೇಕು ಅಂದುಕೊಂಡಳು. ಇನ್ನೊಂದು ಸಾಲು ಹೋಯಿತು. ಹಪ್ಪಳ ಬರುವ ಹೊತ್ತಿಗೆ ಅರ್ಧ ಮನೆ ಕತ್ತಲು. ಕದ ತೆಗೆದು ನೋಡಿದರೆ ಮೂರು ಹೆಜ್ಜೆ ಆಚೆ ಹೊಸ ಗೋಡೆ! ಎರಡೂ ಪಕ್ಕದ ಎತ್ತರದ ಕಾಂಪೌಂಡಿಗೆ ಸೇರುವ ಹಾಗೆ ಈ ಮೂಲೆಯಿಂದ ಆ ಮೂಲೆಗೆ, ಒಂದೂವರೆ ಆಳೆತ್ತರ. ಬಾಗಿಲಿಲ್ಲ, ಕಿಂಡಿಯಿಲ್ಲ, ಇರುವೆ ಹೋಗುವಷ್ಟು ಜಾಗವಿಲ್ಲ!

"ಬೋರಲಿಂಗಾ! ಏನೋ ಇದು?"

ಆಚೆಯಿಂದ ಖುಷಿಯ ದನಿ. "ಇನ್ನು ಯಾರೂ ಮುಟ್ಟಲ್ಲ ಕಣವ್ವ!"

"ನಲವತ್ತು ಜನ ಒಳಗಿದೀವಲ್ಲೋ! ಹಿತ್ತಿಲ ಬಾಗಿಲು?"

"ಅದಕ್ಕೆ ಮೊದಲೇ ಇಟ್ಟಿಗೆ ಇಟ್ಟು ಮುಚ್ಚಿದೆ. ಅಲ್ಲಿಂದ ಸುತ್ತಿ ಬಂದು ಮುಟ್ತಾರಲ್ವಾ?"

ಮೇಸ್ತ್ರಿ ಪಂಚೆ ಮೇಲೆ ಕಟ್ಟಿ ಬಂದ. "ಸರೀರಿ, ಒದ್ದು ಕೆಡವ್ತೀನಿ!" ಕಾಲೆತ್ತಿದ. ಆದರೆ ಮೇಸ್ತ್ರಿ ಅಲ್ಲವೇ, ಹೊಸ ಗೋಡೆ ಕಂಡರೆ ಕೈ ಸುಮ್ಮನಿರಲಿಲ್ಲ. ಗೋಡೆ ನೆಟ್ಟಗಿದೆಯಾ ಅಂತ, ಸೊಂಟದಲ್ಲಿದ್ದ ತೂಕದ ಗುಂಡು ತೆಗೆದು ದಾರದಲ್ಲಿ ಇಳಿಬಿಟ್ಟ. ಒಂದು ಕಡೆ ನೋಡಿದ. ಇನ್ನೊಂದು ಕಡೆ ನೋಡಿದ. ಕಾಲು ಕೆಳಗಿಟ್ಟ.

"ಯಾಕಪ್ಪಾ, ಕಾಲು ಉಳುಕ್ತಾ?" ಅಂದರು ಕಮಲಾಕ್ಷಮ್ಮ.

"ಇಲ್ಲ ತಾಯಿ." ಮೇಸ್ತ್ರಿಯ ದನಿಯೇ ಬೇರೆಯಾಗಿತ್ತು. "ಒಂದು ಕೂದಲೆಳೆ ಆಚೆ ಹೋಗಿಲ್ಲ, ಈಚೆ ಬಂದಿಲ್ಲ. ನೂಲೂ ಇಲ್ದೆ ಕಟ್ಟಿದಾನೆ. ಅದೃಷ್ಟಕ್ಕೆ ಹಿಂಗೆ ಕಟ್ಟೋಕೆ ಬರಲ್ಲ. ಇಂಥಾ ಗೋಡೇನ ಒದೆಯೋಕೆ ನನ್ನ ಕೈಲಾಗಲ್ಲ." ಕತ್ತೆತ್ತಿ ಕೂಗಿದ: "ಲೋ ಬೋರಲಿಂಗಾ! ಬಾಂಡ್ಲಿ ಬಿಸಾಕೋ! ಇವತ್ತಿಂದ ನೀನು ಗಾರೆಯವನು ಕಣೋ!"

ಸಾಕವ್ವ ಸೌಟು ಹಿಡಿದುಕೊಂಡೇ ಪಂಕ್ತಿಗೆ ಓಡಿದಳು. "ಕೇಳಿದ್ರಾ? ಗಾರೆಯವನಂತೆ! ಮೇಸ್ತ್ರಿ ಬಾಯಲ್ಲೇ ಬಂತು! ನನ್ನ ಮಗ ಗಾರೆಯವನು!"

"ಆಯ್ತಮ್ಮ, ಈಗ ನಾವು ಆಚೆ ಹೋಗೋದು ಹೆಂಗೆ?" ಅಂದ ಅಡುಗೆಯವನು.

"ಲೋ, ಏಣಿ ಹಾಕ್ಕೊಂಡು ಗೋಡೆ ಹತ್ತಿ ಬಾರೋ!" ಅಂತ ಮೇಸ್ತ್ರಿ ಕೂಗಿದ.

ಆಚೆ ಏಣಿ ಸದ್ದಾಯಿತು. ಗೋಡೆಯ ಮೇಲೆ ತಲೆ ಬಂತು, ಎದೆ ಬಂತು, ಕಾಲು ಬಂತು. ದಬಕ್ಕನೆ ಬೋರಲಿಂಗ ಒಳಗೆ ನೆಗೆದ.

"ಏಣಿ ಎಲ್ಲೋ?"

"ಒದ್ದು ಕೆಡವಿ ಬಂದೆ ಮೇಸ್ತ್ರಿ. ಹಸಿ ಗೋಡೇನ ಏಣೀನೂ ಮುಟ್ಟಬಾರದಲ್ವಾ?"

ಎಲ್ಲರೂ ಸಾಕವ್ವನ ಕಡೆ ನೋಡಿದರು, ಈಗ ಬೈಯುತ್ತಾಳೆ ಅಂತ. ಅವಳು ಬೈಯಲಿಲ್ಲ. ಪಂಕ್ತಿಯ ನಡುವೆ ಒಂದು ಎಲೆ ಹಾಕಿ, ನೀರು ಚಿಮುಕಿಸಿ, ಮಗನ ತೋಳು ಹಿಡಿದು ಕೂರಿಸಿ ಪಾಯಸ ಸುರಿದಳು.

"ನನ್ನ ಮಗ ಗಾರೆಯವನಾದ ದಿನ. ಯಾರೂ ಇನ್ನೊಂದು ಸುತ್ತು ಉಣ್ಣದೆ ಹೋಗೋ ಹಂಗಿಲ್ಲ!"

"ಯಾರೂ ಹೋಗಲ್ಲ ಕಣವ್ವ," ಅಂದ ಬೋರಲಿಂಗ.