ಉಗುರುಬಾಯಿ ಎಣಿಸಿದ್ದು

ಬಹಳ ಕಾಲದ ಹಿಂದೆ, ಉಪ್ಪು ಬೆಳೆಯುವ ಒಂದು ಊರು ಇತ್ತಂತೆ. ಇತ್ತಂತೆ ಏನು, ಈಗಲೂ ಇದೆ, ನೀವು ಕಾಲು ಚಾಚಿ ಕೂತಿರುವುದು ಅದರ ಜಗಲಿಯ ಮೇಲೆಯೇ. ಒಂದು ಕಡೆ ಸಮುದ್ರದ ಹಿನ್ನೀರು, ಇನ್ನೊಂದು ಕಡೆ ಉಪ್ಪಿನ ಆಗರ. ಆಗ ಸೇತುವೆ ಇರಲಿಲ್ಲ, ಆಚೆ ದಡದ ಪೇಟೆಗೆ ಹೋಗಬೇಕೆಂದರೆ ದೋಣಿಯೇ ಗತಿ. ಆ ದೋಣಿಯಲ್ಲಿ ಒಂದು ದಿನ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಒಬ್ಬರು ನರ್ಸಬಾಯಿ ಬಂದಿಳಿದರಂತೆ. ಕಾರ್ಮೆಲಿನ್ ಎಂದು ಹೆಸರು. ಊರವರ ನಾಲಿಗೆಗೆ ಅದು ಹೊರಳಲಿಲ್ಲ. ಮುಂದೆ ಉಗುರುಬಾಯಿ ಎಂದು ಕರೆದರು, ಅದೇ ಉಳಿಯಿತು.

ಅವರ ಬಗ್ಗೆ ಜನ ಏನೇನೋ ಹೇಳುತ್ತಾರೆ. ಯಾವ ಮನೆಯಲ್ಲಿ ಜ್ವರ ಇದೆ ಎಂದು ದೋಣಿಯಲ್ಲಿ ಕೂತೇ ಮೂಸಿ ಹೇಳುತ್ತಿದ್ದರಂತೆ. ಮೂರು ಮನೆಯಾಚೆ ಮಲಗಿದವರ ಉಸಿರನ್ನು ಎಣಿಸುತ್ತಿದ್ದರಂತೆ. ಯಮ ಒಮ್ಮೆ ಇವರನ್ನು ದಡದಲ್ಲಿ ಕಂಡು ದೋಣಿ ತಿರುಗಿಸಿಕೊಂಡು ಹೋದನಂತೆ. ನಾನು ಅದನ್ನೆಲ್ಲ ನಂಬುವವಳಲ್ಲ. ಯಮ ಕೋಣ ಬಿಟ್ಟು ದೋಣಿ ಹತ್ತಿದ್ದು ಯಾವಾಗ ಎಂದು ಹೇಳಿದವರನ್ನೇ ಕೇಳಬೇಕು. ಆದರೆ ಒಂದು ಮಾತ್ರ ನಿಜ. ನಾವು ರೋಗಿಯನ್ನು ನೋಡಿ ಆಯಿತೆಂದು ಏಳುವ ಹೊತ್ತಿಗೆ ಅವರು ನೋಡಲು ಶುರು ಮಾಡುತ್ತಿದ್ದರು.

ಮೊದಲಿಂದಲೂ ಹಾಗಿರಲಿಲ್ಲ. ಅವರು ಬಂದ ಹೊಸತರಲ್ಲಿ, ಆಗರದಲ್ಲಿ ದುಡಿಯುವ ಬೀರಣ್ಣನ ಕಾಲಿಗೆ ಚಿಪ್ಪು ಕೊಯ್ದು ಗಾಯ ಕೀವಾಯಿತು. ಮೂರು ದಿನ ಮೈ ಸುಡುವ ಜ್ವರ. ನಾಲ್ಕನೆಯ ದಿನ ಕೈಕಾಲು ತಣ್ಣಗಾದವು. ಜ್ವರ ಬಿಟ್ಟಿತು ಎಂದರು ಮನೆಯವರು, ನರ್ಸಬಾಯಿಯೂ ಮುಟ್ಟಿ ನೋಡಿ ಹೌದು ಎಂದರು. ಬೀರಣ್ಣ ಎಂದೋ ಸತ್ತ ತನ್ನ ಅಪ್ಪನನ್ನು ಕೂಗಿ ಬುಟ್ಟಿ ತರಲು ಹೇಳುತ್ತಿದ್ದ. ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಅವನು ಉಳಿದಿರಲಿಲ್ಲ. ಬಾಯಿ ಅವನ ಅಂಗಳದಲ್ಲೇ ನಿಂತು, ತಪ್ಪು ನನ್ನದು, ಅದು ಜ್ವರ ಬಿಟ್ಟ ತಂಪಲ್ಲ, ರಕ್ತಕ್ಕೆ ನಂಜು ಏರಿದ ತಂಪು, ನಾನು ತಿಳಿಯಬೇಕಿತ್ತು ಎಂದು ಎಲ್ಲರ ಎದುರು ಹೇಳಿದರಂತೆ. ಹಾಗೆ ಒಪ್ಪಿಕೊಂಡ ಸರಕಾರಿ ಮನುಷ್ಯರನ್ನು ಊರು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡ ನೆನಪಿಲ್ಲ.

ಅಂದಿನಿಂದ ಅವರು ಯಾವ ರೋಗಿಯ ಮನೆಗೆ ಹೋದರೂ ಮೊದಲು ಕೇಳುವುದು, ಉಚ್ಚೆ ಹೋಯಿತೇ ಎಂದು. ಗಂಡಸರು ನಾಚಿ ಗೋಡೆ ನೋಡುತ್ತಿದ್ದರಂತೆ. ಆಮೇಲೆ ಉಸಿರು ಎಣಿಸುವುದು. ಆಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದು, ಬೆಳ್ಳಗಾದ ಮೇಲೆ ಬಿಟ್ಟು, ಕೆಂಪು ಮರಳುವ ತನಕ ಎಣಿಸುವುದು. ನಮ್ಮಲ್ಲಿ ಉಪ್ಪಿನ ಬುಟ್ಟಿ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಬಾಯಿಯೂ ಹಾಗೇ ಕಲಿತರು. ಲಾಭ, ಎರಡು. ಅಷ್ಟರಲ್ಲಿ ಕೆಂಪು ಬಂದರೆ ಸರಿ. ಮೂರು ದಾಟಿದರೆ ದೋಣಿ ಕರೆಯಬೇಕು.

ಆಗ ಈ ಮನೆಯಲ್ಲಿ ಬುದವಂತಿ ಎಂಬ ಚೊಚ್ಚಲ ಬಾಣಂತಿ ಇದ್ದಳು. ಹೆತ್ತ ಮೂರನೆಯ ದಿನ ಜ್ವರ ಬಂತು, ಐದನೆಯ ದಿನ ಮೈ ತಣ್ಣಗಾಯಿತು. ಅವಳ ಅತ್ತೆ ಹೊನ್ನಜ್ಜಿಗೆ ಹಿಡಿಸಲಾರದಷ್ಟು ಸಂತೋಷ. ಜ್ವರ ಹೊರಬಿದ್ದ ಮನೆಯ ಹೊಸ್ತಿಲಿಗೆ ಕಸಬರಿಗೆ ಅಡ್ಡ ಇಡುವುದು ಊರಿನ ಪದ್ಧತಿ. ಹೊತ್ತು ಮುಳುಗುವ ತನಕ ಅದನ್ನು ಯಾರೂ ದಾಟಬಾರದು, ದಾಟಿದರೆ ಜ್ವರ ಅವರ ಬೆನ್ನು ಹತ್ತಿ ಒಳಗೆ ಬರುತ್ತದೆ ಎಂದು ನಂಬಿಕೆ. ಹೊನ್ನಜ್ಜಿ ಕಸಬರಿಗೆ ಇಟ್ಟು, ದೇವಿಗೆಂದು ಕಡುಬಿಗೆ ಅಕ್ಕಿ ರುಬ್ಬಲು ಕೂತಳು.

ನಡುಮಧ್ಯಾಹ್ನ ಬಾಯಿ ಬಂದರು.

“ಜ್ವರ ಬಿಟ್ಟು ಹೋತು ಬಾಯಿ, ಹೊತ್ತು ಮುಳುಗಿದ ಮೇಲೆ ಬನ್ನಿ,” ಎಂದಳು ಹೊನ್ನಜ್ಜಿ.

ಬಾಯಿ ಹೊರಗಿನಿಂದಲೇ ತಮ್ಮ ಪ್ರಶ್ನೆ ಕೇಳಿದರು. ನಿನ್ನೆ ಸಂಜೆಯಿಂದ ಉಚ್ಚೆ ಇಲ್ಲ ಎಂದಳು ಹೊನ್ನಜ್ಜಿ. ಮಗುವಿಗೆ ಹಾಲೂಡಲು ಎಬ್ಬಿಸಿದರೆ, ಇದು ಯಾರ ಕೂಸು ಎಂದು ಬುದವಂತಿ ಕೇಳಿದಳಂತೆ. ಅಷ್ಟು ಕೇಳಿದ್ದೇ ತಡ, ಬಾಯಿ ಕಸಬರಿಗೆ ದಾಟಿ ಒಳಗೆ ಬಂದರು. ಕೇರಿಯೇ ಬಾಗಿಲಲ್ಲಿ ನೆರೆಯಿತು, ಹೊನ್ನಜ್ಜಿಯ ಬೈಗುಳ ಹಿನ್ನೀರಿನ ಆಚೆಗೂ ಕೇಳಿಸಿತಂತೆ. ಬಾಯಿ ಹೊನ್ನಜ್ಜಿಯದೇ ಹೆಬ್ಬೆರಳು ಹಿಡಿದು ಉಗುರು ಒತ್ತಿ ಬಿಟ್ಟರು. ಲಾಭ ಎನ್ನುವಷ್ಟರಲ್ಲಿ ಕೆಂಪು ಬಂತು.

“ಈಗ ಸೊಸೆಯದು ಒತ್ತಿ, ಅಜ್ಜಿ. ನೀವೇ ಎಣಿಸಿ,” ಎಂದರು.

ಹೊನ್ನಜ್ಜಿ ನಲವತ್ತು ವರ್ಷ ಆಗರದಲ್ಲಿ ಬುಟ್ಟಿ ಎಣಿಸಿದವಳು. ಅವಳ ಎಣಿಕೆಯನ್ನು ಮತ್ತೊಮ್ಮೆ ಎಣಿಸುವವರು ಊರಲ್ಲಿ ಇರಲಿಲ್ಲ. ಸಿಟ್ಟಿನಿಂದಲೇ ಒತ್ತಿದಳು, ಸಿಟ್ಟಿನಿಂದಲೇ ಬಿಟ್ಟಳು. ಲಾಭ. ಎರಡು. ಮೂರು. ದನಿ ಸಣ್ಣಗಾಯಿತು. ನಾಲ್ಕು. ಐದು. ಉಗುರು ಇನ್ನೂ ಬಿಳಿಯೇ ಇತ್ತು. ಸೀರೆ ಸರಿಸಿದರೆ ಮೊಣಕಾಲಿನ ಸುತ್ತ ನೀಲಿ ಮಚ್ಚೆ, ಉಸಿರು ಓಡಿ ಬಂದವರ ಉಸಿರಿನ ಹಾಗೆ. ಹೊನ್ನಜ್ಜಿ ಆರು ಎಣಿಸಲಿಲ್ಲ. ಎದ್ದವಳೇ ಕಸಬರಿಗೆ ಎತ್ತಿ ಅಂಗಳಕ್ಕೆ ಎಸೆದು, ದೋಣಿ ಎಂದು ಕೂಗಿದಳು.

ಸಮುದ್ರ ಇಳಿದ ಹೊತ್ತು ಅದು. ದೋಣಿ ಕೆಸರಿನಾಚೆ ನಿಂತಿತ್ತು. ಬಾಯಿ ಸೂಜಿಮದ್ದು ಚುಚ್ಚಿ, ಉಪ್ಪುನೀರಿನ ಬಾಟಲಿಯ ನಳಿಗೆಯನ್ನು ಬುದವಂತಿಯ ನರಕ್ಕೆ ಇಳಿಸಿದರು. ಆಗರದ ಆಳುಗಳು ಬಾಣಂತಿಯನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತೊಡೆಮಟ್ಟದ ಕೆಸರಿನಲ್ಲಿ ನಡೆದರು. ಪಕ್ಕದಲ್ಲಿ ಆ ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಒಮ್ಮೆಯೂ ಕೈ ಇಳಿಸದೆ ನಡೆದವಳು ಬೀರಣ್ಣನ ಹೆಂಡತಿಯಂತೆ.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು, ಹೆರಿಗೆಯಲ್ಲಿ ಒಳಗೇ ಉಳಿದು ಕೊಳೆತಿದ್ದ ಮಾಸಿನ ಚೂರು ತೆಗೆದರು. ಇನ್ನೊಂದು ಗಳಿಗೆ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರಂತೆ. ಬಾಯಿ ಮೂರು ದಿನ ಮಂಚದ ಪಕ್ಕ ಬಿಡದೆ ಕೂತರು. ನಾಲ್ಕನೆಯ ದಿನ ಬುದವಂತಿ ಕಣ್ಣು ಬಿಟ್ಟು, ನನ್ನ ಕೂಸು ಎಲ್ಲಿ ಎಂದು ಕೇಳಿದಳು. ಅವಳನ್ನು ಉಳಿಸಿದ್ದು ನಮ್ಮ ಆಗರದ ಉಪ್ಪು ಎಂದು ಊರಿನ ಅರ್ಧ ಜನ ಇವತ್ತಿಗೂ ವಾದಿಸುತ್ತಾರೆ. ವಾದಿಸಲಿ, ಯಾರಿಗೂ ಅದರಿಂದ ನಷ್ಟವಿಲ್ಲ.

ಬಾಯಿ ಊರು ಬಿಟ್ಟ ದಿನ ದೋಣಿಯ ತನಕ ಜನ ಸಾಲು ನಿಂತಿತ್ತಂತೆ. ಹೂವು ಹಾರ ಏನೂ ಇಲ್ಲ, ಎಲ್ಲರೂ ಹೆಬ್ಬೆರಳು ಚಾಚಿದ್ದರು. ಅವರು ಒಬ್ಬೊಬ್ಬರದನ್ನೂ ಒತ್ತಿ, ಲಾಭ, ಎರಡು ಎಂದು ಎಣಿಸಿ ದೋಣಿ ಹತ್ತಿದರು. ಸಾಲಿನ ಕೊನೆಯಲ್ಲಿದ್ದ ಹೊನ್ನಜ್ಜಿ ಮಾತ್ರ ತನ್ನ ಬೆರಳು ಕೊಡದೆ ಬಾಯಿಯದೇ ಉಗುರು ಒತ್ತಿ ನೋಡಿದಳಂತೆ.

ಈಗಲೂ ಈ ಊರಿನಲ್ಲಿ ಜ್ವರ ಬಿಟ್ಟಿತು ಎಂದು ಹೇಳುವ ಮೊದಲು ಮನೆಯ ಹಿರಿಯರು ಉಗುರು ಒತ್ತಿ ಎಣಿಸುತ್ತಾರೆ. ಆಮೇಲೆಯೇ ಕಸಬರಿಗೆ. ಕಾಯಿಲೆಯವರನ್ನು ನೋಡಲು ಹೋದರೆ ಮೊದಲು ಉಚ್ಚೆಯ ಸಮಾಚಾರ, ಆಮೇಲೆ ಊಟದ್ದು. ಹೊರಗಿನಿಂದ ಬಂದ ಸೊಸೆಯರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಾರೆ, ಮೊದಲ ಹೆರಿಗೆ ಆದ ಮೇಲೆ ನಗುವುದಿಲ್ಲ. ಊರು ಬಿಟ್ಟು ಹೊರಟವರ ಹೆಬ್ಬೆರಳನ್ನೂ ಒತ್ತಿಯೇ ಕಳಿಸುವುದು.

ಬುದವಂತಿ ಹೆತ್ತ ಆ ಕೂಸೇ ನನ್ನ ಅವ್ವಿ, ನನ್ನನ್ನು ಹೆತ್ತವಳು. ಹೊತ್ತಾಯಿತು, ನೀವಿನ್ನು ಹೊರಡಿ. ಮೊದಲು ಕೈ ಕೊಡಿ ಇಲ್ಲಿ. ಲಾಭ, ಎರಡು. ಹಾಂ, ಸರಿ, ಹೋಗಿ ಬನ್ನಿ.