ಮುರಿದ ಕೆಂಪು ಗೆರೆ

ಹೆಲಿಕಾಪ್ಟರಿನ ಬಾಲದ ಫ್ಯಾನನ್ನು ಹಿಡಿದಿದ್ದ ನಟ್ಟು ಒಂದು ಹಾರಾಟದಲ್ಲಿ ಕೂದಲೆಳೆಯಷ್ಟು ಸಡಿಲವಾಯಿತು. ಸಡಿಲವಾದರೆ ಗೊತ್ತಾಗಲೆಂದು ನಟ್ಟು ಬೋಲ್ಟುಗಳ ಮೇಲೆ ಒಟ್ಟಿಗೆ ಎಳೆದಿದ್ದ ಕೆಂಪು ಬಣ್ಣದ ಗೆರೆ ಎರಡಾಗಿ ಮುರಿಯಿತು.

“ಗ್ರೀಸಿನಲ್ಲಿ ಮುಖ ಮುಚ್ಚಿಕೋ ತಂಗಿ,” ಎಂದು ನಟ್ಟು ಬೇಡಿತು. “ನಿನ್ನನ್ನು ಕಂಡರೆ ನನ್ನನ್ನು ಗುಜರಿಗೆ ಎಸೆಯುತ್ತಾರೆ.”

“ಕಾಣದಿದ್ದರೆ ನಾಳೆ ಹೆಲಿಕಾಪ್ಟರಿನಲ್ಲಿ ಕೂರುವವರು ಉಳಿಯುವುದಿಲ್ಲ ಅಣ್ಣ,” ಎಂದಿತು ಗೆರೆ.

ಅಷ್ಟರಲ್ಲಿ ಮೆಕ್ಯಾನಿಕ್ ಚನ್ನಬಸವ ಬಂದು ಗೆರೆ ನೋಡಿದ. “ನಿನ್ನ ತಪ್ಪಲ್ಲವೋ. ಬಿಗಿದ ಮೇಲೆ ನೀನು ತಿರುಗದಂತೆ ತಡೆಯುವ ಪಿನ್ನು ಹಾಕಲು ನಾನೇ ಮರೆತೆ,” ಎಂದು ನಟ್ಟಿಗೆ ಹೇಳಿದ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಕೆಂಪು ಬಣ್ಣದ ಡಬ್ಬಿಯತ್ತ ನೋಡಿದ. ಪಿನ್ನು ಹಾಕಿ ಹೊಸ ಗೆರೆ ಎಳೆದುಬಿಟ್ಟರೆ ಯಾರಿಗೂ ತಿಳಿಯದು, ಅವನ ಕೆಲಸವೂ ಉಳಿದೀತು. ತನ್ನಂತೆಯೇ ಹೆದರಿದವನನ್ನು ಕಂಡು ನಟ್ಟಿಗೆ ಕನಿಕರವಾಯಿತು.

ಚನ್ನಬಸವ ಬಣ್ಣದ ಡಬ್ಬಿಯನ್ನು ಮುಟ್ಟಲಿಲ್ಲ. “ಸಾರ್, ಬನ್ನಿ ಇಲ್ಲಿ,” ಎಂದು ಮೇಲಧಿಕಾರಿಯನ್ನು ಕೂಗಿದ. “ಇದಕ್ಕೆ ಪಿನ್ನು ಹಾಕಲು ಮರೆತಿದ್ದೇನೆ. ಉಳಿದ ಮೂರು ಹೆಲಿಕಾಪ್ಟರುಗಳ ನಟ್ಟುಗಳನ್ನೂ ಅದೇ ದಿನ ಬಿಗಿದವನು ನಾನೇ. ಯಾವುದೂ ಹಾರುವುದು ಬೇಡ.”