ಗ್ರಂಥಪಾಲಕನೂ ಅರವತ್ತೆರಡು ಪತ್ರಗಳೂ

"ಗುರುಗಳೇ, ಕೆಡುಕು ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಸರಿಪಡಿಸಲು ತೊಡಗುವವನೇ ಒಳ್ಳೆಯವನಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: "ಕುಳಿತುಕೋ. ನನಗೆ ಗೊತ್ತಿದ್ದ ಒಬ್ಬ ಗ್ರಂಥಪಾಲಕನ ಕತೆ ಹೇಳುತ್ತೇನೆ. ಅದರಲ್ಲಿ ಕಂಪ್ಯೂಟರಿನ ವಿಷಯ ಬರುತ್ತದೆ. ಅದು ನನಗೆ ಅಷ್ಟಾಗಿ ತಿಳಿಯದು. ತಿಳಿದವರು ಹೇಳಿದಷ್ಟನ್ನು ಹೇಳುತ್ತೇನೆ."

ನದಿಯ ದಂಡೆಯಲ್ಲಿ ಒಂದು ಊರು. ಅಲ್ಲಿ ಕರಿಬಸಪ್ಪ ಎಂಬ ಗ್ರಂಥಪಾಲಕನಿದ್ದ. ಕಾಲೇಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದ. ಊರಿನವರಿಗೆ ಅರ್ಜಿ ಬರೆಯಬೇಕಾದರೆ ಅವನ ಬಳಿಗೆ ಬರುತ್ತಿದ್ದರು. ಅವನು ಯಾರಿಗೂ ನಾಳೆ ಬಾ ಎಂದವನಲ್ಲ.

ಊರಿಗಿಂತ ಮೇಲೆ, ಹೊಳೆ ಬರುವ ದಿಕ್ಕಿನಲ್ಲಿ, ಒಂದು ಕಾರ್ಖಾನೆ ಬಂತು. ಬಂದ ಮರುವರ್ಷ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆ ನೀರಿನಲ್ಲಿ ಬಲೆ ಎಳೆದವರ ಕೈ ಸುಲಿಯಿತು. ಬೆಸ್ತರ ಕೇರಿಯಲ್ಲಿ ಹುಲಿಗೆಮ್ಮ ಎಂಬ ಹೆಂಗಸಿದ್ದಳು. ಮೀನುಗಾರರ ಸಂಘಕ್ಕೆ ಅವಳೇ ಮುಖ್ಯಸ್ಥೆ. ಅವಳು ಕರಿಬಸಪ್ಪನಿಂದ ಅರ್ಜಿ ಬರೆಸಿದಳು. ಅಧಿಕಾರಿಗಳು ಬಂದರು. ಅವರು ಬರುವ ದಿನ ಕಾರ್ಖಾನೆ ನಿಂತಿತ್ತು. ಒಂದು ಶೀಸೆಯಲ್ಲಿ ನೀರು ತುಂಬಿಕೊಂಡು ಹೋದರು. ನೀರು ಶುದ್ಧವಾಗಿದೆ ಎಂದು ಬರೆದರು. ಇನ್ನೊಂದು ಅರ್ಜಿಗೂ ಹೀಗೆಯೇ ಆಯಿತು. ಮೂರನೆಯ ಅರ್ಜಿ ಕೊಟ್ಟ ಮೇಲೆ ಜಿಲ್ಲಾ ಕೇಂದ್ರದಲ್ಲಿ ವಿಚಾರಣೆ ನಡೆಸುವುದೆಂದು ತೀರ್ಮಾನವಾಯಿತು.

ಆಗ ಕರಿಬಸಪ್ಪನಿಗೆ ಒಂದು ಇಮೇಲ್ ಬಂತು. ಬರೆದವನು ಆ ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವವನು. "ನಾವು ಎರಡು ವರದಿ ಬರೆಯುತ್ತೇವೆ. ಒಂದು ಸರ್ಕಾರಕ್ಕೆ. ಇನ್ನೊಂದು ನಿಜವಾದದ್ದು. ನಿಜವಾದದ್ದನ್ನು ನಿಮಗೆ ಕಳಿಸುತ್ತೇನೆ. ನನಗೆ ಸಣ್ಣ ಮಕ್ಕಳಿದ್ದಾರೆ. ವಿಚಾರಣೆಯ ದಿನದವರೆಗೆ ಯಾರಿಗೂ ತೋರಿಸಬೇಡಿ" ಎಂದು ಬರೆದಿದ್ದ.

ಹದಿನಾಲ್ಕು ತಿಂಗಳಲ್ಲಿ ಅರವತ್ತೆರಡು ಪತ್ರಗಳು ಬಂದವು. ಯಾವ ದಿನ ಎಷ್ಟು ಗಂಟೆಗೆ ಹೊಳೆಗೆ ಏನು ಬಿಟ್ಟರು ಎಂಬುದೆಲ್ಲ ಅವುಗಳಲ್ಲಿತ್ತು. ಕರಿಬಸಪ್ಪ ಅವುಗಳನ್ನು ಮುದ್ರಿಸಲಿಲ್ಲ. ಊರಿನಲ್ಲಿದ್ದದ್ದು ಒಂದೇ ಅಂಗಡಿ. ಅಲ್ಲಿ ಮುದ್ರಿಸಿದರೆ ಸಂಜೆಯೊಳಗೆ ಕಾರ್ಖಾನೆಗೆ ಸುದ್ದಿ ಮುಟ್ಟುತ್ತಿತ್ತು. ವಿಚಾರಣೆಯ ಹಿಂದಿನ ದಿನ ಜಿಲ್ಲಾ ಕೇಂದ್ರದಲ್ಲಿ ಮುದ್ರಿಸಿದರಾಯಿತು ಎಂದುಕೊಂಡ. ಪತ್ರ ಕಳಿಸಿದವನ ಪ್ರಾಣ ತನ್ನ ಕೈಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಅವನ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವಿತ್ತು. ಜಾಲತಾಣ ನೋಡುವುದಕ್ಕೂ ಅದೇ, ಇಮೇಲ್ ಓದುವುದಕ್ಕೂ ಅದೇ. ಬಂದ ಪತ್ರಗಳೆಲ್ಲ ಅವನ ಯಂತ್ರಕ್ಕೆ ಇಳಿಯುತ್ತಿದ್ದವು. ಇಳಿದ ಮೇಲೆ ಇಮೇಲ್ ಸೇವೆ ಕೊಡುವ ಕಂಪನಿಯಲ್ಲಿ ಪ್ರತಿ ಉಳಿಯುತ್ತಿರಲಿಲ್ಲ. ಇದನ್ನು ಅವನು ವಿಚಾರಿಸಿ ನೋಡಿರಲಿಲ್ಲ.

ವಿಚಾರಣೆಗೆ ಎಂಟು ದಿನ ಉಳಿದಿತ್ತು. ಆ ಬೆಳಗ್ಗೆ ತೆರೆಯ ಮೇಲೆ ಒಂದು ಸೂಚನೆ ಬಂತು. ನಿಮ್ಮ ಆವೃತ್ತಿ ಹಳೆಯದು, ಸುರಕ್ಷಿತವಲ್ಲ, ಬೇರೆಯವರು ನಿಮ್ಮ ಪತ್ರಗಳನ್ನು ಕದಿಯಬಹುದು ಎಂದಿತ್ತು. ಕರಿಬಸಪ್ಪನಿಗೆ ಆ ಪರೀಕ್ಷಕನ ಮಕ್ಕಳ ನೆನಪಾಯಿತು. ಕೂಡಲೇ ಹೊಸ ಆವೃತ್ತಿಯನ್ನು ಹಾಕಿಕೊಂಡ.

ಹೊಸದು ತೆರೆಯಿತು. ನಿಮ್ಮ ಹೆಸರೇನು, ವಿಳಾಸವೇನು ಎಂದು ಕೇಳಿತು. ಒಳಗೆ ಒಂದು ಪತ್ರವೂ ಇರಲಿಲ್ಲ.

ಗಮನವಿಟ್ಟು ಕೇಳು. ಆ ಹೊತ್ತಿನಲ್ಲಿ ಪತ್ರಗಳು ಎಲ್ಲಿಗೂ ಹೋಗಿರಲಿಲ್ಲ. ಹೊಸ ಆವೃತ್ತಿ ತನಗಾಗಿ ಬೇರೆ ಫೋಲ್ಡರ್ ಮಾಡಿಕೊಂಡಿತ್ತು. ಪತ್ರಗಳು ಹಳೆಯ ಫೋಲ್ಡರಿನಲ್ಲಿ ಇದ್ದ ಹಾಗೆಯೇ ಇದ್ದವು. ಅಲ್ಲಿ ನೋಡು ಎಂದು ಅದಕ್ಕೆ ತೋರಿಸಿದ್ದರೆ ಮುಗಿದಿತ್ತು. ತಿಳಿದವನಿಗೆ ಐದು ನಿಮಿಷದ ಕೆಲಸ.

ಕರಿಬಸಪ್ಪ ಸರಿಪಡಿಸಲು ಕುಳಿತ. ತಂತ್ರಾಂಶವನ್ನು ಮುಚ್ಚಿ ತೆರೆದ. ತೆಗೆದು ಮತ್ತೆ ಹಾಕಿದ. ಹಳೆಯ ಆವೃತ್ತಿಯನ್ನು ತಂದು ಹಾಕಿದ. ಅದೂ ಬರಿದಾಗಿಯೇ ತೆರೆಯಿತು. ಇದೇ ತೊಂದರೆಗೆ ಸಿಕ್ಕಿದವರು ಜಾಲತಾಣದಲ್ಲಿ ಬರೆದ ಸಲಹೆಗಳನ್ನು ಒಂದೊಂದಾಗಿ ಓದಿ ಹಾಗೆಯೇ ಮಾಡಿದ. ಒಬ್ಬ ಹೀಗೆ ಬರೆದಿದ್ದ: ಹಳೆಯ ಫೋಲ್ಡರ್ ಉಳಿದುಕೊಂಡಿರುವುದರಿಂದ ಹೀಗಾಗುತ್ತಿದೆ, ಅದನ್ನು ಪೂರ್ತಿ ಅಳಿಸಿ ಹೊಸದಾಗಿ ವಿಳಾಸ ಕೊಡಿ, ಪತ್ರಗಳೆಲ್ಲ ತಾವಾಗಿಯೇ ಇಳಿದು ಬರುತ್ತವೆ, ನನಗೆ ಬಂದವು. ಬರೆದವನು ಸುಳ್ಳುಗಾರನಲ್ಲ. ಅವನ ಇಮೇಲ್ ಕಂಪನಿ ಪ್ರತಿ ಇಟ್ಟುಕೊಳ್ಳುತ್ತಿತ್ತು. ಅವನಿಗೆ ನಿಜವಾಗಿಯೂ ಬಂದಿದ್ದವು.

ಕರಿಬಸಪ್ಪ ಹಳೆಯ ಫೋಲ್ಡರನ್ನು ಹುಡುಕಿದ. ಸಿಕ್ಕಿತು. ಶಾಶ್ವತವಾಗಿ ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದ.

ಏನೂ ಇಳಿದು ಬರಲಿಲ್ಲ.

ಅವನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಮತ್ತೆ ಕುಳಿತ. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶಗಳಿವೆ ಎಂದು ಓದಿದ. ಒಂದನ್ನು ಇಳಿಸಿಕೊಂಡು ಹಾಕಿದ. ಅದು ಒಂದು ಪತ್ರದ ಅರ್ಧವನ್ನು ತೋರಿಸಿತು. ಆ ಅರ್ಧ ಪತ್ರ ಅವನಿಗೆ ಆಸೆ ಹುಟ್ಟಿಸಿತು. ಇನ್ನೊಂದು ಹಾಕಿದ. ಮತ್ತೊಂದು ಹಾಕಿದ. ಆರು ದಿನಗಳಲ್ಲಿ ಹನ್ನೊಂದು ಹಾಕಿದ. ತಟ್ಟೆಯನ್ನು ಕೀಲಿಮಣೆಯ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದ.

ಅವನ ಹೆಂಡತಿ ನೀಲಗಂಗಮ್ಮ ಎರಡನೆಯ ದಿನವೇ ಹೇಳಿದ್ದಳು: "ಅದನ್ನ ಆರಿಸಿ ಇಡ್ರಿ. ಗೊತ್ತಿದ್ದವರಿಗೆ ಒಯ್ದು ತೋರ್ಸೋಣು."

"ನಾನು ಕೈಕಟ್ಟಿ ಕೂತ್ರ ಆ ಜನಕ್ಕ ಯಾವ ಮುಖ ತೋರ್ಸಲಿ?" ಎಂದು ಕರಿಬಸಪ್ಪ ಕೇಳಿದ.

ಪರೀಕ್ಷಕನಿಗೂ ಬರೆದ. ಎಲ್ಲವನ್ನೂ ಇನ್ನೊಮ್ಮೆ ಕಳಿಸಿ ಎಂದು ಬೇಡಿಕೊಂಡ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದು ಸಾಲು ಬಂತು. "ನೀವು ಯಾರೆಂದು ನನಗೆ ಗೊತ್ತಿಲ್ಲ. ಈ ವಿಳಾಸಕ್ಕೆ ಬರೆಯಬೇಡಿ." ಆ ಬರಿದಾದ ಪೆಟ್ಟಿಗೆಯಲ್ಲಿ ಇದ್ದದ್ದು ಅದೊಂದೇ ಪತ್ರ.

ಏಳನೆಯ ದಿನ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋದ. ಅಲ್ಲಿ ಈ ವಿದ್ಯೆಯಲ್ಲಿ ಪಳಗಿದ ಒಬ್ಬ ಹೆಂಗಸಿದ್ದಳು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ತೆಗೆದು ಹೇಳಿದಳು: "ಅಳಿಸಿದ ದಿನ ಇವು ಹೋಗಿರಲಿಲ್ಲ ಸರ್. ಅಳಿಸು ಅಂದ್ರೆ ಆ ಜಾಗ ಖಾಲಿ ಅಂತ ಗುರುತು ಹಾಕುತ್ತೆ ಅಷ್ಟೇ. ಬೇರೇನಾದ್ರೂ ಬಂದು ಆ ಜಾಗದಲ್ಲಿ ಕೂತಾಗ ನಿಜವಾಗಿ ಹೋಗುತ್ತೆ. ಅವತ್ತೇ ಆರಿಸಿ ತಂದಿದ್ರೆ ಎಲ್ಲವನ್ನೂ ತೆಗೆದುಕೊಡ್ತಿದ್ದೆ. ನೀವು ಹುಡುಕೋದಕ್ಕೆ ಅಂತ ಹಾಕಿದ್ದೆಲ್ಲ ಅವುಗಳ ಮೇಲೇ ಕೂತಿದೆ."

ಕರಿಬಸಪ್ಪ ಕಂಪ್ಯೂಟರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡ.

ಎಂಟನೆಯ ದಿನ ವಿಚಾರಣೆ ನಡೆಯಿತು. ಬೆಸ್ತರ ಕೇರಿಯ ನಲವತ್ತು ಜನ ಬಂದಿದ್ದರು. ಸಾಕ್ಷಿ ಇದೆ ಎಂದು ಕರಿಬಸಪ್ಪ ಹೇಳಿದ್ದನೇ ಹೊರತು ಅದು ಏನೆಂದು ಅವರಿಗೂ ಹೇಳಿರಲಿಲ್ಲ. ಅಧಿಕಾರಿ ಸಾಕ್ಷಿ ಕೇಳಿದ. ಕರಿಬಸಪ್ಪ ನಡೆದದ್ದನ್ನು ನಡೆದ ಹಾಗೆ ಹೇಳಿದ. ಕಳಿಸಿದವರು ಯಾರು ಎಂದು ಅಧಿಕಾರಿ ಕೇಳಿದ. ಕರಿಬಸಪ್ಪ ಹೆಸರು ಹೇಳಲಿಲ್ಲ. ಕಾರ್ಖಾನೆಯ ವಕೀಲ ನಕ್ಕ. ಅಧಿಕಾರಿಯೂ ನಕ್ಕ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ದೂರು ವಜಾ ಆಯಿತು.

ಹೊರಗೆ ಬಂದಾಗ ಕೇರಿಯ ಗಂಡಸೊಬ್ಬ ಎಲ್ಲರಿಗೂ ಕೇಳುವ ಹಾಗೆ, ಇವನು ಕಾರ್ಖಾನೆಯವರಿಗೆ ಮಾರಿಕೊಂಡಿದ್ದಾನೆ ಎಂದ. ಬೇರೆಯವರು ಹೌದೆಂದು ತಲೆಯಾಡಿಸಿದರು. ಹುಲಿಗೆಮ್ಮ ಹಾಗೆ ಹೇಳಲಿಲ್ಲ. ಅವಳು ಅವನ ಎದುರಿಗೆ ಬಂದು ನಿಂತಳು.

"ನೀವು ಮಾರಿಕೊಂಡೋರಲ್ಲ, ನನಗ ಗೊತ್ತೈತಿ. ಮಾರಿಕೊಂಡಿದ್ರ ಬೈದಾದ್ರೂ ಬೈತಿದ್ದೆ. ಈಗ ನಾ ಯಾರಿಗೆ ಬೈಲಿ, ಸರ?" ಎಂದಳು.

ಕರಿಬಸಪ್ಪ ಕೈ ಮುಗಿದ. ಅವಳು ತಿರುಗಿ ತನ್ನ ಜನರ ಜೊತೆ ಬಸ್ಸು ಹತ್ತಿದಳು. ಅವನು ಅದೇ ಬಸ್ಸನ್ನು ಹತ್ತಲಿಲ್ಲ.

ವರ್ಷ ಕಳೆಯುವುದರೊಳಗೆ ಕೇರಿಯ ಅರ್ಧ ಜನ ಊರು ಬಿಟ್ಟರು. ಹುಲಿಗೆಮ್ಮ ಎಲ್ಲೋ ಇಟ್ಟಿಗೆ ಭಟ್ಟಿಯಲ್ಲಿದ್ದಾಳೆ ಎಂದು ಕೇಳಿದೆ. ಕಾರ್ಖಾನೆ ಇನ್ನೊಂದು ಹೊಗೆಕೊಳವೆ ಕಟ್ಟಿಸಿತು. ಕರಿಬಸಪ್ಪನ ಬಳಿಗೆ ಅರ್ಜಿ ಬರೆಸಲು ಆಮೇಲೆ ಯಾರೂ ಬರಲಿಲ್ಲ. ಅವನು ನನ್ನ ಬಳಿಗೆ ಒಮ್ಮೆ ಬಂದಿದ್ದ. ನಡೆದದ್ದನ್ನೆಲ್ಲ ದಿನ, ಗಂಟೆ ಸಮೇತ ಹೇಳಿದ. ನಾನೆಲ್ಲಿ ತಪ್ಪಿದೆ ಎಂದು ಕೇಳಿದ. ನಾನು ಅವನಿಗೆ ಊಟ ಹಾಕಿಸಿದೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೂ ಗುರುಗಳೇ, ಅವನು ಒಳ್ಳೆಯವನೇ ಅಲ್ಲವೇ?" ಎಂದ.

"ಒಳ್ಳೆಯವನೇ; ಸೋಮಾರಿಯಾಗಿದ್ದಿದ್ದರೆ ಅರವತ್ತೆರಡೂ ಉಳಿಯುತ್ತಿದ್ದವು" ಎಂದರು ಗುರುಗಳು.